ನಾಜೂಕಮ್ಮನ ಮುಲಾಮು

ಕನ್ನಡಕದಂಗಡಿಯಲ್ಲಿ ಕೆಲಸಕ್ಕಿರುವವರಿಗೆ ಮುಖ ಮರೆಸಿಕೊಳ್ಳಲು ಜಾಗವೇ ಇರುವುದಿಲ್ಲ. ಗೋಡೆಗೊಂದು ಕನ್ನಡಿ, ಕಂಬಕ್ಕೊಂದು ಕನ್ನಡಿ, ಕೌಂಟರಿನ ಮೇಲೆ ಬೇಕಾದತ್ತ ಓರೆ ಮಾಡಿಕೊಳ್ಳುವ ಪುಟ್ಟ ಕನ್ನಡಿಗಳು ಬೇರೆ. ಅದೂ ಸಾಲದೆಂಬಂತೆ ಗಿರಾಕಿಯ ಎದುರು ಗೇಣು ದೂರದಲ್ಲಿ ಕೂತು ಕಣ್ಣುಪಾಪೆಗಳ ನಡುವಿನ ಅಂತರ ಅಳೆಯಬೇಕು. ಫ್ರೇಮನ್ನು ಮೂಗಿನ ಮೇಲಿಟ್ಟು, ಕಡ್ಡಿಗಳನ್ನು ಕಿವಿಯ ಹಿಂದಕ್ಕೆ ಸರಿಸಿ, ಬಿಗಿಯಾಯಿತೇ ಸಡಿಲವಾಯಿತೇ ಎಂದು ಮುಖಕ್ಕೆ ಮುಖ ಕೊಟ್ಟು ನೋಡಬೇಕು. ಅಂಥದೊಂದು ಅಂಗಡಿಯಲ್ಲಿ ಈ ಕೆಲಸ ಮಾಡುತ್ತಿದ್ದವಳು ಇಪ್ಪತ್ತೇಳರ ಹುಡುಗಿ. ಸೊಟ್ಟಗಾದ ಫ್ರೇಮು ಕೈಗೆ ಬಂದರೆ ಬಳ್ಳಿಯ ಎಳೆ ತುದಿಯನ್ನು ತಿದ್ದುವಂತೆ ಎರಡು ಬೆರಳಲ್ಲಿ ಒಮ್ಮೆ ಒತ್ತಿ, ಒಮ್ಮೆ ಎಳೆದು, ನೆಟ್ಟಗೆ ಮಾಡಿ ಕೊಟ್ಟುಬಿಡುತ್ತಿದ್ದಳು. ಅದನ್ನು ನೋಡಿ ಅಂಗಡಿಯ ಯಜಮಾನರು ಒಂದು ದಿನ ತಮಾಷೆಗೆ ‘ನಾಜೂಕಮ್ಮ’ ಎಂದು ಕರೆದರು. ಹೆಸರು ಅಂಟಿಕೊಂಡಿತು. ಹಳೆಯ ಗಿರಾಕಿಗಳು ಬಾಗಿಲಲ್ಲೇ ನಿಂತು “ನಾಜೂಕಮ್ಮ ಇದಾರಾ? ಇಲ್ಲಾಂದ್ರೆ ನಾಳೆ ಬರ್ತೀನಿ” ಅನ್ನುತ್ತಿದ್ದರು.

ಯಜಮಾನರದು ಒಳಕೋಣೆಯ ಕೆಲಸ. ಗಾಜನ್ನು ಫ್ರೇಮಿನ ಆಕಾರಕ್ಕೆ ಉಜ್ಜಿ ಕೂರಿಸುವ ಯಂತ್ರ ಅಲ್ಲಿತ್ತು. ಅದರ ಕಿರ್ರೆನ್ನುವ ಸದ್ದಿನ ನಡುವೆ ಅವರು ಸುಖವಾಗಿರುತ್ತಿದ್ದರು. ಮಾತು ಕಡಿಮೆ, ಗಡ್ಡ ಜಾಸ್ತಿ. ಗಡ್ಡಕ್ಕೆ ಕಾರಣವೂ ಇತ್ತು. ಹದಿಹರೆಯದಲ್ಲಿ ಅವರ ಎರಡೂ ಕೆನ್ನೆ ತುಂಬ ಮೊಡವೆ ಎದ್ದಿದ್ದವು. “ವಯಸ್ಸಿನದು, ತಾನಾಗೇ ಹೋಗುತ್ತೆ” ಎಂದು ಮನೆಯವರು ಸುಮ್ಮನಿದ್ದರು. ಮೊಡವೆಗಳೇನೋ ಹೋದವು, ಗುಳಿಗಳು ಉಳಿದವು. ಗಡ್ಡ ತುಂಬಿ ಬರುತ್ತಲೇ ಅವರು ರೇಜರು ಮುಟ್ಟುವುದನ್ನು ಬಿಟ್ಟರು. ಹೆಂಡತಿಗೆ ಸಹ ಆ ಗುಳಿಗಳು ಬೆರಳಿಗೆ ಗೊತ್ತೇ ಹೊರತು ಕಣ್ಣಿಗೆ ಗೊತ್ತಿರಲಿಲ್ಲ.

ನಾಜೂಕಮ್ಮನಿಗೂ ಮೊಡವೆ ಹೊಸದಲ್ಲ. ಶಾಲೆ ಬಿಡುವ ಹೊತ್ತಿಗೆ ಶುರುವಾದದ್ದು ಬರುತ್ತ ಹೋಗುತ್ತ ಇತ್ತು. ಆದರೆ ಆ ವರ್ಷ ಅದಕ್ಕೆ ಏನು ಹುಚ್ಚು ಹಿಡಿಯಿತೋ, ದವಡೆಯುದ್ದಕ್ಕೂ, ಗಲ್ಲದ ಮೇಲೂ, ಮುಟ್ಟಿದರೆ ಜೀವ ಹೋಗುವಂಥ ಗಟ್ಟಿ ಗುಳ್ಳೆಗಳು ಎದ್ದವು. ಒಂದು ಬಾಡುವಷ್ಟರಲ್ಲಿ ಪಕ್ಕದಲ್ಲಿ ಇನ್ನೆರಡು. ಬಿಟ್ಟಿ ಸಲಹೆಗಳಿಗೆ ಬರವಿರಲಿಲ್ಲ. ಒಬ್ಬರು ನಿಂಬೆಹಣ್ಣು ಉಜ್ಜು ಅಂದರು, ಒಬ್ಬರು ಟೂತ್‌ಪೇಸ್ಟ್ ಮೆತ್ತು ಅಂದರು, ಇನ್ನೊಬ್ಬರು ಕರಿದದ್ದು ತಿನ್ನೋದು ಬಿಡು ಅಂದರು. ಅವಳು ಎಲ್ಲರ ಮಾತನ್ನೂ ನಗುನಗುತ್ತಲೇ ಕೇಳಿಸಿಕೊಂಡಳು. ಒಂದೊಂದನ್ನು ಮಾಡಿಯೂ ನೋಡಿದಳು. ನಿಂಬೆರಸದಿಂದ ಗಲ್ಲ ಬೆಂದುಹೋದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ.

ಹೀಗಿರುವಾಗ ಒಂದು ದಿನ ಹೊಸ ಗಿರಾಕಿಯೊಬ್ಬ ಬಂದ. ಇಸ್ತ್ರಿ ಮುರಿಯದ ಅಂಗಿ, ಕೈಯಲ್ಲಿ ದುಬಾರಿ ಫೋನು. ನಾಜೂಕಮ್ಮ ಫ್ರೇಮನ್ನು ಅವನ ಮೂಗಿನ ಮೇಲಿಡಲು ಮುಂದೆ ಬಾಗಿದಳು. ಅವನು ಕುರ್ಚಿಸಮೇತ ಹಿಂದೆ ಸರಿದ.

“ಒಂದು ನಿಮಿಷ. ಇದು... ಅಂಟೋ ಅಂಥದ್ದಾ?”

“ಇಲ್ಲ ಸರ್. ಮೊಡವೆ ಅಂಟಲ್ಲ,” ಅಂದಳು ಅವಳು. “ಸ್ವಲ್ಪ ನೇರ ನೋಡಿ.”

ಅಳತೆ ಮುಗಿಸಿ, ಕನ್ನಡಕ ಯಾವತ್ತು ಸಿಗುತ್ತದೆಂದು ಹೇಳಿ, ಬಾಗಿಲವರೆಗೆ ಹೋಗಿ ಕಳಿಸಿಕೊಟ್ಟಳು. ಒಳಕೋಣೆಯ ಬಾಗಿಲಲ್ಲಿದ್ದ ಯಜಮಾನರಿಗೆ ಎಲ್ಲವೂ ಕೇಳಿಸಿತ್ತು. ಅವರ ಕೆನ್ನೆ ಗಡ್ಡದ ಕೆಳಗೆ ಬಿಸಿಯಾಯಿತು. ಅಂಗಡಿ ಮುಚ್ಚುವ ಹೊತ್ತಿಗೆ, ಮಾತಿಗೆ ತಡಕಾಡುತ್ತ, “ನೋಡಮ್ಮ, ನೀನು ಸ್ವಲ್ಪ ದಿನ ಒಳಗೆ ಯಂತ್ರದ ಕೆಲಸ ನೋಡ್ಕೋ. ಹೊರಗೆ ನಾನು ಕೂರ್ತೀನಿ. ನಿನಗೂ ನೆಮ್ಮದಿ,” ಅಂದರು.

ಅವಳು ಒಂದು ಕ್ಷಣ ಅವರ ಮುಖವನ್ನೇ ನೋಡಿದಳು. “ಸರಿ ಸರ್,” ಅಂದಳು.

ದೊಡ್ಡ ಉಪಕಾರ ಮಾಡಿದೆನೆಂದುಕೊಂಡು ಮನೆಗೆ ಹೋದ ಯಜಮಾನರು ಊಟ ಮಾಡುತ್ತ ಹೆಂಡತಿಗೆ ಇದನ್ನೆಲ್ಲ ಹೇಳಿದರು. ಆಕೆ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುವವರು. ಸೂಜಿ ಚುಚ್ಚುವಾಗಲೂ ಸುತ್ತಿ ಬಳಸಿ ಮಾತಾಡುವ ಅಭ್ಯಾಸವಿಲ್ಲ.

“ಹಂಗಂದವನು ಗಿರಾಕಿ. ಒಳಗೆ ಹೋಗು ಅಂದಿದ್ದು ಇವಳಿಗಾ?”

“ಅವಳ ಒಳ್ಳೇದಕ್ಕೇ ಹೇಳಿದ್ದು ಕಣೇ.”

“ರೀ, ಅವಳು ಕೇಳಿದ್ಲಾ ನಿಮ್ಮನ್ನ?”

ಯಜಮಾನರು ಅನ್ನ ಕಲಸುತ್ತಲೇ ಇದ್ದರು.

ಕೌಂಟರಿನಲ್ಲಿ ಅವರ ಪಾಡು ಹೇಳತೀರದು. ಗಾಜಿನ ಜೊತೆ ಪಳಗಿದ ಕೈ ಮನುಷ್ಯರ ಮೂಗಿನ ಜೊತೆ ಪಳಗಿರಲಿಲ್ಲ. “ಸರ್, ಮೂಗು ಕಚ್ತಿದೆ” ಎಂದರೆ “ಅಭ್ಯಾಸ ಆಗುತ್ತೆ” ಅನ್ನುವರು. “ಈ ಫ್ರೇಮು ನನಗೆ ಒಪ್ಪುತ್ತಾ?” ಎಂದು ಹೆಂಗಸೊಬ್ಬರು ಕೇಳಿದ್ದಕ್ಕೆ “ಪವರ್ ಸರಿಯಾಗಿದ್ರೆ ಸಾಕಲ್ಲ” ಅಂದುಬಿಟ್ಟರು. ಆಕೆ ಫ್ರೇಮು ಕೆಳಗಿಟ್ಟು ಎದ್ದು ಹೋದರು.

ನಾಜೂಕಮ್ಮ ಮಾತ್ರ ಒಳಕೋಣೆಯಲ್ಲಿ ತಲೆ ತಗ್ಗಿಸಿ ಗಾಜು ಉಜ್ಜುತ್ತಿದ್ದಳು. ಆ ವಾರವೇ ಅರ್ಧ ದಿನ ರಜೆ ಹಾಕಿ ಚರ್ಮದ ಡಾಕ್ಟರ ಹತ್ತಿರ ಹೋಗಿಬಂದಳು. ಮರುದಿನ ಚಹಾ ಕುಡಿಯುವಾಗ ಯಜಮಾನರು ಕೇಳಲೋ ಬೇಡವೋ ಎಂದು ಲೋಟ ತಿರುಗಿಸುತ್ತ ಕೂತಿದ್ದನ್ನು ನೋಡಿ ಅವಳೇ ಶುರು ಮಾಡಿದಳು.

“ಒಂದು ಮುಲಾಮು ಬರ್ಕೊಟ್ಟಿದಾರೆ ಸರ್. ರೆಟಿನಾಯ್ಡ್ ಅಂತೆ. ಎ ವಿಟಮಿನ್ನಿನ ಸಂಬಂಧಿಕರ ಪೈಕಿ.”

“ಎಷ್ಟು ದಿನಕ್ಕೆ ವಾಸಿಯಾಗುತ್ತೆ?”

“ನಾನೂ ಅದನ್ನೇ ಕೇಳ್ದೆ. ಡಾಕ್ಟರಮ್ಮ ನಕ್ಕುಬಿಟ್ರು. ‘ಮೂರು ತಿಂಗಳು ನನ್ನನ್ನ ಬೈಕೋಬೇಡ, ಆಮೇಲೆ ಮಾತಾಡೋಣ’ ಅಂದ್ರು. ಮೊದಲು ಒಣಗುತ್ತಂತೆ, ಸಿಪ್ಪೆ ಬಿಡುತ್ತಂತೆ, ಕೆಲವರಿಗೆ ಮೊಡವೆ ಇನ್ನೂ ಜಾಸ್ತಿ ಆಗಿ ಆಮೇಲೆ ಇಳಿಯುತ್ತಂತೆ. ಎಲ್ಲಾ ಮೊದಲೇ ಹೇಳಿಬಿಟ್ರು ಸರ್, ಒಂದನ್ನೂ ಮುಚ್ಚಿಡಲಿಲ್ಲ. ಮದುವೆಯಾಗಿ ಮಗು ಬೇಕು ಅನ್ನಿಸಿದ್ರೆ ಅದಕ್ಕೆ ಮುಂಚೆ ಬಂದು ಹೇಳು, ನಿಲ್ಲಿಸೋಣ, ಅಂತಾನೂ ಹೇಳಿದ್ರು. ನನಗೆ ಅವರು ಬಹಳ ಹಿಡಿಸಿದ್ರು.”

ಹಚ್ಚಿಕೊಳ್ಳುವ ಕ್ರಮವನ್ನೂ ಹೇಳಿದಳು. ರಾತ್ರಿ ಮುಖ ತೊಳೆದು, ಪೂರ್ತಿ ಆರಲು ಬಿಟ್ಟು, ಬಟಾಣಿ ಕಾಳಿನಷ್ಟೇ ತೆಗೆದು ಇಡೀ ಮುಖಕ್ಕೆ ತೆಳ್ಳಗೆ ಸವರಬೇಕು. ಗುಳ್ಳೆಯ ಮೇಲೆ ಮಾತ್ರ ಮೆತ್ತುವುದಲ್ಲ. ಕಣ್ಣಿನ ಸುತ್ತ, ತುಟಿಯ ಅಂಚಿಗೆ, ಮೂಗಿನ ಸಂದಿಗೆ ತಾಗಿಸಬಾರದು. ಮೊದಮೊದಲು ಒಂದು ರಾತ್ರಿ ಬಿಟ್ಟು ಒಂದು ರಾತ್ರಿ ಸಾಕು. ಹಗಲು ಸನ್‌ಸ್ಕ್ರೀನ್ ಇಲ್ಲದೆ ಬಿಸಿಲಿಗೆ ಹೋಗುವಂತಿಲ್ಲ.

ಇಷ್ಟು ಚೊಕ್ಕವಾಗಿ ಹೇಳಿದವಳೇ ಮೊದಲ ತಪ್ಪನ್ನೂ ಮಾಡಿದಳು. ಬೇಗ ಗುಣವಾಗಲೆಂಬ ಆಸೆಗೆ ದಪ್ಪಗೆ ಬಳಿದುಕೊಂಡು, ಅದನ್ನೂ ದಿನಾ ರಾತ್ರಿ ಬಳಿದುಕೊಂಡು, ವಾರ ಕಳೆಯುವಷ್ಟರಲ್ಲಿ ಮುಖವನ್ನು ಕೆಂಡ ಮಾಡಿಕೊಂಡು ಬಂದಳು. ನಗಲು ಹೋದರೆ ಬಾಯಿಯ ಕೊನೆ ಬಿರಿಯುತ್ತಿತ್ತು. ಬರೀ ನೀರು ತಾಗಿದರೂ ಉರಿ.

ಯಜಮಾನರಿಗೆ ನೋಡಲಾಗಲಿಲ್ಲ. “ಬಿಟ್ಟುಬಿಡಮ್ಮ ಅದನ್ನ. ಇದ್ದಿದ್ದೇ ವಾಸಿ ಇತ್ತು.”

“ಮುಲಾಮಿನ ತಪ್ಪಲ್ಲ ಸರ್, ನನ್ನ ದುರಾಸೆ. ನೀವು ಗಾಜು ಉಜ್ಜುವಾಗ ಯಂತ್ರಾನ ಜೋರಾಗಿ ಒತ್ತಿದ್ರೆ ಏನಾಗುತ್ತೆ?”

“ಅಂಚು ಒಡೆಯುತ್ತೆ.”

“ಅಷ್ಟೇ ಆಗಿರೋದು.”

ಡಾಕ್ಟರಿಗೆ ಫೋನು ಮಾಡಿ, ಬೈಸಿಕೊಂಡು, ಕೆಲವು ದಿನ ನಿಲ್ಲಿಸಿದಳು. ಉರಿ ತಣ್ಣಗಾದ ಮೇಲೆ, ಮೊದಲು ಚರ್ಮ ಮೆತ್ತಗಾಗುವ ಸಾದಾ ಕ್ರೀಮು ಹಚ್ಚಿ ಅದರ ಮೇಲೆ ಮುಲಾಮನ್ನು ಹೇಳಿದಷ್ಟೇ ಹಚ್ಚುತ್ತ ಬಂದಳು. ಈ ಸಲ ಅವಸರ ಮಾಡಲಿಲ್ಲ. ಆದರೂ ತಿಂಗಳು ತುಂಬುವ ಹೊತ್ತಿಗೆ ಡಾಕ್ಟರು ಹೇಳಿದ ಆ ಕೆಟ್ಟ ಕಾಲ ಬಂದೇ ಬಂತು. ಚರ್ಮದಡಿ ಅಡಗಿ ಕೂತಿದ್ದವೆಲ್ಲ ಒಟ್ಟಿಗೆ ಮೇಲೆದ್ದಂತೆ ಹಣೆಯಲ್ಲೂ ಕೆನ್ನೆಯಲ್ಲೂ ಗುಳ್ಳೆಗಳು. ಅವುಗಳ ಸುತ್ತ ಹಳೆಯ ಗೋಡೆಯ ಸುಣ್ಣದಂತೆ ಏಳುವ ಸಿಪ್ಪೆ. ಒಳಕೋಣೆಯಲ್ಲಿ ಯಂತ್ರದ ಮೇಲಿನ ದೀಪ ಉರಿಯುತ್ತಿದ್ದಾಗ ಅವಳು ಒಂದೆರಡು ಸಲ ಕಣ್ಣೊರೆಸಿಕೊಂಡದ್ದನ್ನು ಯಜಮಾನರು ಕಂಡರು. ಗಾಜಿನ ಪುಡಿ ಬಿದ್ದಿರಬೇಕೆಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಆ ಯಂತ್ರ ನೀರಿನಲ್ಲಿ ಉಜ್ಜುವಂಥದ್ದು, ಪುಡಿ ಹಾರುವುದಿಲ್ಲ ಎಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

ಮುಲಾಮು ಬಿಟ್ಟಾಳು ಎಂದು ಅವರು ಎಣಿಸಿದ್ದರು. ಒಂದು ಸೋಮವಾರ ಬೆಳಿಗ್ಗೆ ಅಂಗಡಿಗೆ ಬಂದು ನೋಡುತ್ತಾರೆ, ನಾಜೂಕಮ್ಮ ಕೌಂಟರಿನ ಹಿಂದಿನ ತನ್ನ ಹಳೆಯ ಕುರ್ಚಿಯನ್ನು ಒರೆಸಿ ಕೂತುಬಿಟ್ಟಿದ್ದಾಳೆ. ಮುಖಕ್ಕೆ ಬಣ್ಣವಿಲ್ಲ, ಬಟ್ಟೆಯ ಮರೆಯಿಲ್ಲ.

“ಸರ್, ನಾನು ಇಲ್ಲೇ ಕೂತ್ಕೋತೀನಿ. ಒಳಗಿದ್ರೂ ಸಿಪ್ಪೆ ಬಿಡುತ್ತೆ, ಹೊರಗಿದ್ರೂ ಬಿಡುತ್ತೆ. ಹೊರಗಿದ್ರೆ ಕೆಲಸನಾದ್ರೂ ಆಗುತ್ತೆ.”

ಯಜಮಾನರು “ಆಯ್ತಮ್ಮ,” ಎಂದು ಒಳಗೆ ಹೋದವರು ಯಂತ್ರ ಹಾಕದೆ ಸುಮ್ಮನೆ ನಿಂತುಕೊಂಡರು. ಅವರಿಗೆ ತಮ್ಮ ಹದಿನೆಂಟನೆಯ ವಯಸ್ಸು ನೆನಪಾಯಿತು. ಅಣ್ಣನ ಮದುವೆಯಲ್ಲಿ ಮನೆಮಂದಿಯೆಲ್ಲ ಫೋಟೊಗೆ ನಿಂತಾಗ “ನೀನು ಸ್ವಲ್ಪ ಹಿಂದೆ ನಿಲ್ಲಪ್ಪ” ಎಂದು ದೊಡ್ಡಪ್ಪ ಪ್ರೀತಿಯಿಂದಲೇ ಹೇಳಿದ್ದರು. ಪ್ರೀತಿಯಿಂದ ಹೇಳಿದ್ದರಿಂದ ಎದುರಾಡಲಾಗಲಿಲ್ಲ. ಆ ಫೋಟೊದಲ್ಲಿ ಅವರದು ಕೂದಲು ಮಾತ್ರ ಕಾಣುತ್ತದೆ. ಇವಳು ಯಾರನ್ನೂ ಬೈಯದೆ, ಯಾರ ಮೇಲೂ ಮುನಿಸಿಕೊಳ್ಳದೆ, ಮುಂದಿನ ಸಾಲಿಗೆ ತಾನೇ ಬಂದು ನಿಂತಿದ್ದಳು.

ಅದೇ ವಾರದ ಒಂದು ಮಧ್ಯಾಹ್ನ, ಕಣ್ಣಿನ ಪೊರೆ ತೆಗೆಸಿಕೊಂಡಿದ್ದ ಅಜ್ಜಿಯೊಬ್ಬರು ಮೊಮ್ಮಗಳ ಕೈಹಿಡಿದು ಬಂದರು. ಹೊಸ ಕನ್ನಡಕ ಸಿದ್ಧವಾಗಿತ್ತು. ಅಂಗಡಿಯಲ್ಲಿ ಬೇರೆ ನಾಲ್ಕೈದು ಜನರಿದ್ದರು. ನಾಜೂಕಮ್ಮ ಅಜ್ಜಿಯ ಎದುರು ಕೂತು, ಕನ್ನಡಕವನ್ನು ಮೆಲ್ಲಗೆ ಮೂಗಿನ ಮೇಲಿರಿಸಿ, ಕಡ್ಡಿಗಳನ್ನು ಕಿವಿಗೆ ಸೇರಿಸಿದಳು. ಅಜ್ಜಿ ಕಣ್ಣು ಪಿಳಿಪಿಳಿ ಮಾಡಿದರು. ಮಸುಕು ಸರಿದು ಅವರಿಗೆ ಮೊಟ್ಟಮೊದಲು ಸ್ಪಷ್ಟವಾಗಿ ಕಂಡದ್ದು ಗೇಣು ದೂರದ ಆ ಮುಖ.

“ಅಯ್ಯೋ ಮಗಳೇ, ಇದೇನು ನಿನ್ನ ಮುಖ ಹಿಂಗಾಗಿದೆ? ಚರ್ಮ ಎಲ್ಲಾ ಕಿತ್ತು ಬರ್ತಿದೆಯಲ್ಲೇ.”

ಅಂಗಡಿಯಲ್ಲಿದ್ದವರೆಲ್ಲ ಇತ್ತ ತಿರುಗಿದರು. ಮೊಮ್ಮಗಳು ನಾಚಿಕೆಯಿಂದ ಅಜ್ಜಿಯ ತೋಳು ಹಿಂಡಿದಳು. ಒಳಗಿದ್ದ ಯಜಮಾನರು ಓಡಿ ಬಂದು ಏನಾದರೂ ಹೇಳಬೇಕೆಂದು ಎರಡು ಹೆಜ್ಜೆ ಇಟ್ಟೂಬಿಟ್ಟರು.

ನಾಜೂಕಮ್ಮ ಮಾತ್ರ ಅಲುಗಾಡಲಿಲ್ಲ. “ಸಿಪ್ಪೆ ಕಾಣಿಸ್ತಿದೆಯಾ ಅಜ್ಜಿ?”

“ಚೆನ್ನಾಗಿ ಕಾಣಿಸ್ತಿದೆ.”

“ಸಣ್ಣ ಸಣ್ಣದೂ?”

“ಗಲ್ಲದ ಹತ್ರ ಒಂದು ಎಳೆ ನೇತಾಡ್ತಿದೆ ನೋಡು.”

“ಹಾಗಾದ್ರೆ ಕನ್ನಡಕ ಸರಿಯಾಗಿದೆ,” ಅಂದಳು ನಾಜೂಕಮ್ಮ. “ಮೊಡವೆಗೆ ಔಷಧಿ ಹಚ್ತಿದ್ದೀನಿ ಅಜ್ಜಿ. ಹಳೇ ಚರ್ಮ ಹೋಗ್ತಿದೆ. ಇನ್ನೊಂದೆರಡು ತಿಂಗಳು ಬಿಟ್ಟು ಬನ್ನಿ, ಅಷ್ಟು ಹೊತ್ತಿಗೆ ನೋಡೋದಕ್ಕೆ ಏನೂ ಸಿಗದಿದ್ರೆ ಕನ್ನಡಕ ಕೆಟ್ಟಿದೆ ಅಂದ್ಕೋಬೇಡಿ.”

ಮೊದಲು ಅಜ್ಜಿಯೇ ನಕ್ಕರು, ಹೊಸ ಕನ್ನಡಕ ಕುಣಿಯುವ ಹಾಗೆ. ಆಮೇಲೆ ಅಂಗಡಿಯೆಲ್ಲ ನಕ್ಕಿತು. ಅಜ್ಜಿ ಅವಳ ಗಲ್ಲವನ್ನು ಮುಟ್ಟಲು ಹೋಗಿ, ನೋವಾದೀತೆಂದು ಕೈ ಹಿಂತೆಗೆದು, ತಲೆ ಸವರಿದರು. ಯಜಮಾನರು ಒಳಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. ಅವರಿಗೂ ನಗು ಬಂದಿತ್ತು.

ಆ ಸಂಜೆ ಹೆಂಡತಿಯ ಮುಂದೆ ಅವರು ಇದನ್ನು ಅಭಿನಯಿಸಿ ತೋರಿಸಿದರು. ಅಜ್ಜಿಯಾಗಿಯೂ ತಾವೇ, ನಾಜೂಕಮ್ಮನಾಗಿಯೂ ತಾವೇ. ಇಪ್ಪತ್ತು ವರ್ಷದ ಸಂಸಾರದಲ್ಲಿ ಗಂಡ ಅಷ್ಟು ಮಾತಾಡಿದ್ದನ್ನು ಆಕೆ ಕಂಡಿರಲಿಲ್ಲ.

“ನಾನಾಗಿದ್ರೆ ಅಲ್ಲೇ ಭೂಮಿಗಿಳಿದು ಹೋಗ್ತಿದ್ದೆ ಕಣೇ,” ಅಂದರು.

“ನೀವು ಗಡ್ಡಕ್ಕಿಳಿದ್ರಿ,” ಅಂದರು ಹೆಂಡತಿ. ಮಾತು ಚುಚ್ಚಿತು, ಆದರೆ ಹೇಳಿದ ದನಿಯಲ್ಲಿ ಅಕ್ಕರೆಯಿತ್ತು.

ಇದೆಲ್ಲವನ್ನೂ ಇನ್ನೊಬ್ಬಳು ಕೇಳಿಸಿಕೊಳ್ಳುತ್ತಿದ್ದಳು. ಹದಿನೈದರ ಮಗಳು. ಊಟದ ಮೇಜಿನ ಆ ತುದಿಯಲ್ಲಿ, ಹಣೆಯ ಮೇಲೆ ಪರದೆಯಂತೆ ಕೂದಲು ಇಳಿಬಿಟ್ಟುಕೊಂಡು ಕೂರುವುದು ಕೆಲವು ತಿಂಗಳಿಂದ ಅವಳ ಅಭ್ಯಾಸ. ಫ್ಯಾಷನ್ ಇರಬೇಕೆಂದು ಯಜಮಾನರು ತಿಳಿದಿದ್ದರು. ಶನಿವಾರ ಶಾಲೆ ಮುಗಿಸಿಕೊಂಡು ಅವಳು ನೇರ ಅಂಗಡಿಗೆ ಬಂದಳು. ಅಪ್ಪನಿಗೆ ಕಾಣದಂತೆ ಕೌಂಟರಿನ ಕೊನೆಯಲ್ಲಿ ನಿಂತು ಕೂದಲನ್ನು ಎತ್ತಿ ತೋರಿಸಿದಳು. ಹಣೆಯ ತುಂಬ ಸಣ್ಣ ಸಣ್ಣ ಗುಳ್ಳೆಗಳು, ಒಂದೆರಡು ಕೀವು ತುಂಬಿದ್ದವು.

“ಅಕ್ಕ, ನಿನ್ನ ಮುಲಾಮು ಸ್ವಲ್ಪ ಕೊಡ್ತೀಯಾ? ಒಂದು ಡಬ್ಬೀಲಿ ಹಾಕ್ಕೊಂಡು ಹೋಗ್ತೀನಿ. ಅಪ್ಪನಿಗೆ ಹೇಳ್ಬೇಡ.”

“ಮುಲಾಮು ಕೊಡಲ್ಲ ಪುಟ್ಟಿ. ಅದು ನನ್ನ ಮುಖ ನೋಡಿ ನನಗೆ ಬರ್ಕೊಟ್ಟಿದ್ದು. ನಿನ್ನ ಮುಖಕ್ಕೆ ಏನು ಬೇಕೋ ಅದನ್ನ ಹೇಳೋಕೆ ಡಾಕ್ಟರಿದಾರೆ. ಅಪ್ಪನ ಜೊತೆ ಹೋಗು.”

“ಅಪ್ಪ ‘ವಯಸ್ಸಿನದು, ಹೋಗುತ್ತೆ’ ಅಂದ್ಬಿಡ್ತಾನೆ.”

“ಹೇಳಿ ನೋಡಿದೀಯಾ?”

ಮಗಳು ಕೂದಲನ್ನು ಮತ್ತೆ ಹಣೆಯ ಮೇಲೆ ಇಳಿಬಿಟ್ಟುಕೊಂಡಳು. ಯಂತ್ರ ನಿಂತ ಹೊತ್ತಿನಲ್ಲಿ ಅಷ್ಟೂ ಮಾತು ಒಳಗೆ ಕೇಳಿಸಿತ್ತು. ತಮ್ಮ ಮನೆಯವರು ಅಂದು ಹೇಳಿದ ಅದೇ ಮಾತನ್ನು ತಾವಿನ್ನೂ ಹೇಳದಿದ್ದರೂ ತಮ್ಮ ಬಾಯಿಂದ ಮಗಳು ಮೊದಲೇ ಕೇಳಿಸಿಕೊಂಡುಬಿಟ್ಟಿದ್ದಾಳೆ ಎಂದು ಯಜಮಾನರಿಗೆ ಅರಿವಾಯಿತು. ಕೈ ತೊಳೆದು ಹೊರಗೆ ಬಂದರು.

“ನಾಜೂಕಮ್ಮ, ನಿಮ್ಮ ಡಾಕ್ಟರು ಶನಿವಾರ ಇರ್ತಾರಾ?”

“ಸಂಜೆ ಇರ್ತಾರೆ ಸರ್. ಈಗ ಹೊರಟ್ರೆ ಸಿಕ್ತಾರೆ. ಅಂಗಡಿ ನಾನು ನೋಡ್ಕೋತೀನಿ.”

ಡಾಕ್ಟರಮ್ಮ ಮಗಳ ಕೂದಲನ್ನು ಕ್ಲಿಪ್ಪು ಹಾಕಿ ಮೇಲಕ್ಕೆತ್ತಿ, ದೀಪ ಹಿಡಿದು ನೋಡಿದರು. ಅದೇ ಜಾತಿಯ ಇನ್ನೂ ಸೌಮ್ಯವಾದದ್ದೊಂದು ಮುಲಾಮು ಸಾಕೆಂದರು. ಹಚ್ಚುವ ಬಗೆಯನ್ನು ಅವರು ಹೇಳಲು ಹೊರಟರೆ ಯಜಮಾನರು ನಡುನಡುವೆ ಬಾಯಿ ಹಾಕುತ್ತಲೇ ಇದ್ದರು. “ಮುಖ ಪೂರ್ತಿ ಆರಿರಬೇಕು... ಮೂಗಿನ ಸಂದಿಗೆ ಬೇಡ... ಮೊದಲು ಜಾಸ್ತಿ ಆದ್ರೆ ಹೆದರಬಾರದು.”

ಡಾಕ್ಟರಿಗೆ ಆಶ್ಚರ್ಯ. “ನೀವೂ ಹಚ್ಚಿದೀರಾ ಇದನ್ನ?”

“ಇಲ್ಲಮ್ಮ. ನಮ್ಮ ಅಂಗಡೀಲಿ ಒಬ್ರು ಹಚ್ತಾರೆ. ನಾನು ಪಕ್ಕದಲ್ಲಿ ನಿಂತು ನೋಡಿದ್ದು.” ಮಗಳ ಹಣೆಯತ್ತ ನೋಡಿ ಸೇರಿಸಿದರು, “ನನ್ನ ಕಾಲದಲ್ಲಿ ಯಾರಾದ್ರೂ ಹೀಗೆ ಕರ್ಕೊಂಡು ಬಂದಿದ್ರೆ ಚೆನ್ನಾಗಿರ್ತಿತ್ತು.”

ಮಗಳು ಅಪ್ಪನ ಕಡೆ ತಿರುಗಿದಳು. ಮನೆಗೆ ನಡೆದು ಹೋಗುವಾಗ ದಾರಿಯುದ್ದಕ್ಕೂ ಒಂದಾದ ಮೇಲೊಂದು ಪ್ರಶ್ನೆ ಕೇಳಿದಳು. ನೋಯ್ತಿತ್ತಾ, ಹುಡುಗರು ಆಡ್ಕೋತಿದ್ರಾ, ಮನೇಲಿ ಅಜ್ಜಿ ಏನಂತಿದ್ರು. ಯಜಮಾನರು ಒಂದಕ್ಕೂ ಹಾರಿಕೆಯ ಉತ್ತರ ಕೊಡಲಿಲ್ಲ. ಫೋಟೊದ ಕತೆಯನ್ನೂ ಹೇಳಿದರು. ಕ್ಲಿಪ್ಪನ್ನು ಡಾಕ್ಟರಿಗೆ ಹಿಂದಿರುಗಿಸಲು ಮರೆತಿದ್ದ ಮಗಳು ಹಣೆ ತೆರೆದುಕೊಂಡೇ ಮನೆ ತಲುಪಿದಳು.

ನಾಜೂಕಮ್ಮನ ಮುಖ ಒಂದು ದಿನಕ್ಕೆ ತಿಳಿಯಾದದ್ದಲ್ಲ. ಸಿಪ್ಪೆ ಮೊದಲು ನಿಂತಿತು. ಹೊಸ ಗುಳ್ಳೆಗಳು ಕಡಿಮೆಯಾದವು; ಬಂದವು ಕೂಡ ಅರೆಮನಸ್ಸಿನಿಂದ ಬಂದಂತೆ ಬಂದು ಹೋದವು. ಮೂರು ತಿಂಗಳು ಕಳೆದು ನಾಲ್ಕನೆಯದು ನಡೆಯುವಾಗ ದವಡೆಯ ಗಟ್ಟಿಗಂಟುಗಳೂ ಕರಗಿದ್ದವು. ಕಂದು ಕಲೆಗಳು ಉಳಿದಿದ್ದವು, ಅವು ಮಾಸುವುದು ನಿಧಾನವೆಂದು ಡಾಕ್ಟರು ಹೇಳಿದ್ದರು. ಮುಖ ಕನ್ನಡಿಯಂತೆ ಹೊಳೆಯಿತು ಎಂದೇನೂ ಹೇಳಲಾಗದು. ಆರೋಗ್ಯವಾದ, ಕೆಲಸ ಮಾಡಿ ದಣಿಯುವ, ನಕ್ಕರೆ ನೋಯದ ಮುಖ ಅದು. ಆ ಅಜ್ಜಿ ಒಮ್ಮೆ ಕಡ್ಡಿ ಬಿಗಿ ಮಾಡಿಸಲು ಬಂದು, ಕಣ್ಣು ಕಿರಿದು ಮಾಡಿ ನೋಡಿ, “ಕನ್ನಡಕ ಕೆಟ್ಟಿದೆ ಕಣೇ” ಎಂದು ಜೋರಾಗಿ ಹೇಳಿ ಹೋದರು.

ಯಜಮಾನರು ಗಡ್ಡ ತೆಗೆಯಲಿಲ್ಲ. ಇಷ್ಟು ವರ್ಷದ ಮೇಲೆ ಅದು ಅವರ ಮುಖವೇ ಆಗಿತ್ತು. ಆದರೆ ಯಾರನ್ನಾದರೂ ಹೊಗಳಬೇಕಾಗಿ ಬಂದರೆ ಅವರ ಬಾಯಿಗೆ ಬರುತ್ತಿದ್ದದ್ದು ಒಂದೇ ಹೆಸರು. ನೆಂಟರ ಮನೆಯಲ್ಲಿ, ಸಗಟು ವ್ಯಾಪಾರಿಯ ಮುಂದೆ, ಬಸ್ಸಿನಲ್ಲಿ ಪಕ್ಕ ಕೂತವರ ಹತ್ತಿರವೂ, “ನಮ್ಮ ಅಂಗಡೀಲೊಬ್ಬಳಿದಾಳೆ” ಎಂದು ಶುರು ಮಾಡುತ್ತಿದ್ದರು. ಮುಲಾಮಿಗಿಂತ ಅವಳ ತಾಳ್ಮೆಯನ್ನೇ ಹೆಚ್ಚು ಹೊಗಳುತ್ತಿದ್ದರು. ಮುಲಾಮಿಗೂ ಒಂದು ಪಾಲು ಕೊಡದೆ ಇರುತ್ತಿರಲಿಲ್ಲ.

ವರ್ಷ ತಿರುಗುವ ಹೊತ್ತಿಗೆ ಒಂದು ದಿನ ಚಹಾ ಕುಡಿಯುವಾಗ ಅವರು ಕೇಳಿದರು, “ಈ ತಿಂಗಳು ಡಾಕ್ಟರ ಹತ್ರ ಹೋಗ್ಬೇಕಲ್ಲ ನೀನು?”

ನಾಜೂಕಮ್ಮ ಲೋಟವನ್ನು ಬಾಯಿಯ ಹತ್ತಿರವೇ ಹಿಡಿದು ಯೋಚಿಸಿದಳು.

“ಹೌದಲ್ಲ ಸರ್. ಹೋದ ವಾರವೇ ಹೋಗ್ಬೇಕಿತ್ತು. ಮುಖದ ವಿಷಯ ಮರೆತೇಹೋಗಿದೆ ನನಗೆ.”

ಹೇಳಿದ ಮೇಲೆ ಆ ಮಾತು ಅವಳಿಗೇ ವಿಚಿತ್ರವೆನಿಸಿರಬೇಕು. ತನ್ನಷ್ಟಕ್ಕೆ ನಕ್ಕಳು. ಹೊರಗೆ ಯಾರೋ ಬಾಗಿಲು ತಳ್ಳಿದ ಸದ್ದಾಯಿತು. ಅವಳು ಉಳಿದ ಚಹಾ ಒಂದೇ ಗುಟುಕಿಗೆ ಮುಗಿಸಿ ಎದ್ದು ಹೋದಳು.